ಏರ್ ಸಸ್ಪೆನ್ಷನ್ ಗಾಡಿಗೆ ಅಡ್ಜಸ್ಟಬಲ್ ಶಾಕ್ ಅಬ್ಸಾರ್ಬರ್ ಆರಿಸುವುದು ಹೇಗೆ?

ಬೆಳಿಗ್ಗೆ ಸ್ಟಾಫ್ ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋದ ಮಿನಿಬಸ್ಸು ವಾಪಸ್ ಖಾಲಿ ಬರುತ್ತದೆ. ರಸ್ತೆ ಅದೇ, ಹಂಪ್‌ಗಳೂ ಅವೇ. ಹಿಂದಿನ ಆಕ್ಸಲ್ ಮೇಲಿನ ತೂಕ ಮಾತ್ರ ತುಂಬಾ ಇಳಿದಿರುತ್ತದೆ. ಹೋಗುವಾಗ ಹಿತವಾಗಿದ್ದ ಶಾಕ್ ಅಬ್ಸಾರ್ಬರ್ ಬರುವಾಗ ಯಾಕೆ ಕುಕ್ಕುತ್ತದೆ? ಇದು ಅರ್ಥವಾದರೆ ಯಾವ ಶಾಕ್ ಕೊಳ್ಳಬೇಕು ಅನ್ನುವುದು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಮೊದಲು ಯಾರ ಕೆಲಸ ಯಾವುದು ಅಂತ ನೋಡೋಣ. ತೂಕ ಹೊರುವುದು ಸ್ಪ್ರಿಂಗ್. ಏರ್ ಸಸ್ಪೆನ್ಷನ್‌ನಲ್ಲಿ ಆ ಸ್ಪ್ರಿಂಗ್ ಅಂದರೆ ಗಾಳಿ ತುಂಬಿದ ರಬ್ಬರ್ ಬೆಲ್ಲೋ. ಶಾಕ್ ಅಬ್ಸಾರ್ಬರ್ ತೂಕ ಹೊರುವುದಿಲ್ಲ. ಅದು ಗಾಡಿಯ ಓಲಾಟವನ್ನು ತಡೆದು, ಆ ಶಕ್ತಿಯನ್ನು ಎಣ್ಣೆಯಲ್ಲಿ ಬಿಸಿಯಾಗಿ ಕರಗಿಸುತ್ತದೆ. ಲೀಫ್ ಸ್ಪ್ರಿಂಗ್‌ನಲ್ಲಿ ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದ ಓಲಾಟ ತಾನಾಗಿಯೇ ಸ್ವಲ್ಪ ಕಡಿಮೆಯಾಗುತ್ತದೆ. ಬೆಲ್ಲೋದಲ್ಲಿ ಆ ಉಜ್ಜಾಟ ಹೆಚ್ಚುಕಮ್ಮಿ ಇಲ್ಲ. ಹಾಗಾಗಿ ಇಲ್ಲಿ ಓಲಾಟ ತಡೆಯುವ ಕೆಲಸ ಹೆಚ್ಚುಕಮ್ಮಿ ಪೂರ್ತಿ ಶಾಕ್ ಮೇಲೆಯೇ ಬೀಳುತ್ತದೆ. ಶಾಕ್ ಸೋತ ಏರ್ ಸಸ್ಪೆನ್ಷನ್ ಬಸ್ಸು ಒಂದು ಹಂಪ್ ದಾಟಿದ ಮೇಲೂ ತೂಗಾಡುತ್ತಲೇ ಇರುವುದು ಇದಕ್ಕೇ.

ಈಗ ಮುಖ್ಯ ವಿಷಯ. ಇದನ್ನು ನಿಧಾನವಾಗಿ ಓದಿ.

ಲೀಫ್ ಅಥವಾ ಕಾಯಿಲ್ ಸ್ಪ್ರಿಂಗ್‌ನ ಬಿಗಿತ ತೂಕ ಹೆಚ್ಚಾದರೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಬೆಲ್ಲೋ ಹಾಗಲ್ಲ. ಜನ ಹತ್ತಿದರೆ ಲೆವೆಲಿಂಗ್ ವಾಲ್ವ್ ಗಾಳಿ ತುಂಬಿ ಗಾಡಿಯನ್ನು ಅದೇ ಎತ್ತರಕ್ಕೆ ತರುತ್ತದೆ. ಒತ್ತಡ ಏರಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ತೂಕ ಎರಡರಷ್ಟಾದರೆ ಬಿಗಿತವೂ ಸುಮಾರು ಎರಡರಷ್ಟು. ಖಾಲಿ ಇದ್ದರೂ ತುಂಬಿದ್ದರೂ ಗಾಡಿ ಹೆಚ್ಚುಕಮ್ಮಿ ಒಂದೇ ಲಯದಲ್ಲಿ ಓಲುತ್ತದೆ. ಏರ್ ಸಸ್ಪೆನ್ಷನ್‌ನ ಹಿತದ ಗುಟ್ಟು ಇದೇ. ಶಾಕ್‌ಗೆ ಕಷ್ಟ ಶುರುವಾಗುವುದೂ ಇಲ್ಲಿಂದಲೇ.

ಇದಕ್ಕೊಂದು ಸೂತ್ರ ಇದೆ. ಗಾಡಿ ಓಲಾಡದೆ ಆದಷ್ಟು ಬೇಗ ತನ್ನ ಜಾಗಕ್ಕೆ ಮರಳಲು ಬೇಕಾದ ತಡೆಗೆ ಕ್ರಿಟಿಕಲ್ ಡ್ಯಾಂಪಿಂಗ್ ಅನ್ನುತ್ತಾರೆ. ಅದರ ಲೆಕ್ಕ ಹೀಗೆ: ಸ್ಪ್ರಿಂಗ್‌ನ ಬಿಗಿತವನ್ನು ತೂಕದಿಂದ ಗುಣಿಸಿ, ಅದರ ವರ್ಗಮೂಲ ತೆಗೆದು, 2ರಿಂದ ಗುಣಿಸಿದ್ದು. ಜನ ಕೂರುವ ಗಾಡಿಗೆ ಇದರಲ್ಲಿ 0.2ರಿಂದ 0.4ರಷ್ಟು ಸಾಮಾನ್ಯವಾಗಿ ಹಿತ. ಈ ಪಾಲಿಗೇ ಡ್ಯಾಂಪಿಂಗ್ ರೇಶಿಯೋ ಅನ್ನುವುದು. ನಾವು 0.3 ಇಟ್ಟುಕೊಳ್ಳೋಣ. ಹಿಂದಿನ ಆಕ್ಸಲ್ ಸ್ಪ್ರಿಂಗ್‌ಗಳ ಮೇಲೆ ಖಾಲಿ ಇದ್ದಾಗ 1000 ಕೆಜಿ, ತುಂಬಿದಾಗ 2000 ಕೆಜಿ ಅಂತ ಲೆಕ್ಕಕ್ಕೆ ತಗೊಳ್ಳಿ. ಓಲಾಟ 1.2 ಹರ್ಟ್ಸ್, ಅಂದರೆ ಸೆಕೆಂಡಿಗೆ 1.2 ಸಲ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಎಷ್ಟು ನ್ಯೂಟನ್ ತಡೆ ಬೇಕು ಅಂತ ನೋಡಿದರೆ, ಖಾಲಿ ಗಾಡಿಗೆ ಎರಡೂ ಶಾಕ್ ಸೇರಿ ಸುಮಾರು 4500, ತುಂಬಿದ ಗಾಡಿಗೆ ಸುಮಾರು 9000. ನೇರ ಎರಡು ಪಟ್ಟು! ತುಂಬಿದಾಗ ಇಷ್ಟೇ ಬಿಗಿತ ಇರುವ ಕಾಯಿಲ್ ಸ್ಪ್ರಿಂಗ್ ಹಾಕಿದ್ದರೆ ಖಾಲಿ ಗಾಡಿಗೆ ಸುಮಾರು 6400 ಬೇಕಾಗುತ್ತಿತ್ತು. ಅಂದರೆ ಅಲ್ಲಿ ವ್ಯತ್ಯಾಸ 1.4 ಪಟ್ಟು ಮಾತ್ರ.

ಈ ಏರ್ ಗಾಡಿಗೆ ಅಡ್ಜಸ್ಟ್ ಆಗದ ಶಾಕ್ ಹಾಕಿದರೆ? ತುಂಬಿದ ಗಾಡಿಗೆ ಹೊಂದುವ 9000ದ ಶಾಕ್ ಹಾಕಿ ಖಾಲಿ ಓಡಿಸಿದರೆ ಡ್ಯಾಂಪಿಂಗ್ ರೇಶಿಯೋ 0.6ಕ್ಕೆ ಏರುತ್ತದೆ. ಪ್ರತಿ ಗುಂಡಿಯೂ ಬೆನ್ನಿಗೆ ತಾಗುತ್ತದೆ. ಖಾಲಿ ಗಾಡಿಗೆ ಹೊಂದುವ 4500ರದು ಹಾಕಿ ಜನ ತುಂಬಿದರೆ 0.15ಕ್ಕೆ ಇಳಿಯುತ್ತದೆ. ಫ್ಲೈಓವರ್ ಜಾಯಿಂಟ್‌ಗಳ ಮೇಲೆ ಗಾಡಿ ತೇಲಾಡುತ್ತದೆ. ಏರ್ ಸಸ್ಪೆನ್ಷನ್‌ಗೆ ಅಡ್ಜಸ್ಟಬಲ್ ಶಾಕ್ ಶೋಕಿಗೆ ಹಾಕುವ ಸಾಮಾನು ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಹಾಗಾದರೆ ಬೆಂಗಳೂರಿನ ಜೆಸಿ ರೋಡಿನ ಬಿಡಿಭಾಗಗಳ ಅಂಗಡಿಯಲ್ಲಿ ಏನು ಕೇಳಬೇಕು? ಎಷ್ಟು ಕ್ಲಿಕ್ (ಬಿಗಿ-ಮೆತ್ತಗೆ ಮಾಡುವ ತಿರುಪಿನ ಹಂತ) ಇದೆ ಅಂತ ಕೇಳುವುದು ಸಾಲದು. ತೀರಾ ಮೆತ್ತಗೆ ಇಟ್ಟಾಗ ಎಷ್ಟು ಬಲ, ತೀರಾ ಬಿಗಿ ಇಟ್ಟಾಗ ಎಷ್ಟು ಬಲ, ಅದೂ ಯಾವ ವೇಗದಲ್ಲಿ ಅಂತ ಕೇಳಿ. ಬಿಗಿ ಬಲ ಮೆತ್ತಗಿನ ಬಲದ ಎಷ್ಟು ಪಟ್ಟು ಅನ್ನುವುದು, ಆ ಆಕ್ಸಲ್ ಮೇಲಿನ ತುಂಬಿದ ತೂಕ ಖಾಲಿ ತೂಕದ ಎಷ್ಟು ಪಟ್ಟೋ ಅದಕ್ಕಾದರೂ ಸಮ ಇರಬೇಕು. ಒಂಬತ್ತು ಕ್ಲಿಕ್ ಇದ್ದೂ ಅಂತರ 1.3 ಪಟ್ಟು ಮಾತ್ರ ಇದ್ದರೆ ಮೇಲಿನ ಗಾಡಿಗೆ ಅದು ಸಾಲುವುದಿಲ್ಲ.

ಆಮೇಲೆ, ಆ ತಿರುಪು ಬದಲಿಸುವುದು ಯಾವುದನ್ನು? ಸಾಮಾನ್ಯವಾಗಿ ರಿಬೌಂಡ್, ಅಂದರೆ ಶಾಕ್ ಹಿಗ್ಗುವಾಗಿನ ತಡೆ. ತೂಕಕ್ಕೆ ಹೊಂದಿಸಲು ಬಹಳಷ್ಟು ಸಲ ಅದೇ ಸಾಕು. ಒತ್ತಿದ ಬೆಲ್ಲೋ ವಾಪಸ್ ಒದೆಯುವುದನ್ನು ಹಿಡಿಯುವುದು ರಿಬೌಂಡೇ. ಆದರೆ ಅದನ್ನು ಅತಿಯಾಗಿ ಬಿಗಿ ಮಾಡಬೇಡಿ. ಸಾಲಾಗಿ ಬರುವ ರಂಬಲ್ ಸ್ಟ್ರಿಪ್‌ಗಳ ಮೇಲೆ ಒಂದು ಪೆಟ್ಟಿನಿಂದ ಶಾಕ್ ಪೂರ್ತಿ ಹಿಗ್ಗುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತದೆ. ಗಾಡಿ ಹಂತಹಂತವಾಗಿ ಕುಸಿದು ಕೊನೆಗೆ ಬಂಪ್ ಸ್ಟಾಪ್‌ಗೆ (ಇನ್ನೂ ಕುಸಿಯದಂತೆ ತಡೆಯುವ ರಬ್ಬರ್ ತುಂಡು) ಬಡಿಯುತ್ತದೆ.

ಅಡ್ಜಸ್ಟ್ ಮಾಡುವ ಬಗೆಯೂ ಮುಖ್ಯ. ಕೋನಿ ಕಂಪನಿಯ ಹಳೇ ಮಾದರಿಗಳನ್ನು ಗಾಡಿಯಿಂದ ಬಿಚ್ಚಿ, ಪೂರ್ತಿ ಒತ್ತಿ ಹಿಡಿದು ತಿರುಗಿಸಬೇಕು. ಶಾಕ್ ಸವೆದಾಗ ಬಿಗಿ ಮಾಡಿಕೊಳ್ಳಲು ಇದು ಚೆನ್ನ. ದಿನಾ ತೂಕ ಬದಲಾಗುವ ಗಾಡಿಗೆ ಆಗಿಬರುವುದಿಲ್ಲ. ಹೊರಗೆ ನಾಬ್ ಇರುವುದಾದರೆ ಕೈ ಎಟಕುತ್ತದೆ, ಆದರೆ ಟ್ರಿಪ್ಪಿಗೊಂದು ಸಲ ಡ್ರೈವರ್ ಬಗ್ಗಿ ತಿರುಗಿಸುತ್ತಾರಾ? ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಬೇರೆ. ಬೆಲ್ಲೋದ ಗಾಳಿಯನ್ನೇ ಒಂದು ಸಣ್ಣ ಪೈಪಿನಲ್ಲಿ ಶಾಕ್‌ನ ವಾಲ್ವ್‌ಗೆ ತರುವುದು. ತೂಕ ಏರಿದರೆ ಒತ್ತಡ ಏರುತ್ತದೆ, ಶಾಕ್ ತಾನೇ ಬಿಗಿಯಾಗುತ್ತದೆ. ಸೆನ್ಸರ್ ಬೇಡ, ವೈರಿಂಗ್ ಬೇಡ. ಸ್ಯಾಕ್ಸ್ ಕಂಪನಿ ಇದನ್ನು ಪಿಡಿಸಿ (ನ್ಯೂಮ್ಯಾಟಿಕ್ ಡ್ಯಾಂಪಿಂಗ್ ಕಂಟ್ರೋಲ್) ಅಂತ ಕರೆಯುತ್ತದೆ. ಏರ್ ಸಸ್ಪೆನ್ಷನ್‌ಗೆ ಇಷ್ಟು ಸಹಜವಾಗಿ ಹೊಂದುವ ಪರಿಹಾರ ಇನ್ನೊಂದಿಲ್ಲ ಅನಿಸುತ್ತದೆ. ಕಂಪನಿಯಿಂದಲೇ ಎಲೆಕ್ಟ್ರಾನಿಕ್ ಶಾಕ್ ಬಂದಿರುವ ಕಾರಿಗೆ ಮಾತ್ರ ಅದೇ ಬಗೆಯದನ್ನೇ ಹಾಕಿ.

ಉದ್ದದ ವಿಷಯ ಸಣ್ಣದು ಅನಿಸಬಹುದು, ಅಲ್ಲ. ಬಹಳಷ್ಟು ಏರ್ ಸಸ್ಪೆನ್ಷನ್‌ಗಳಲ್ಲಿ ಆಕ್ಸಲ್ ಕೆಳಗೆ ಎಷ್ಟು ಇಳಿಯಬಹುದು ಅಂತ ನಿಲ್ಲಿಸುವುದು ಶಾಕ್‌ನ ಉದ್ದವೇ. ಉದ್ದ ಜಾಸ್ತಿಯಾದರೆ ಬೆಲ್ಲೋ ಅತಿಯಾಗಿ ಎಳೆದು ಹರಿಯಬಹುದು. ಗಿಡ್ಡವಾದರೆ ಶಾಕ್‌ನ ಕಣ್ಣು (ಬೋಲ್ಟ್ ಹಾಕುವ ಉಂಗುರ), ಬ್ರಾಕೆಟ್ ಕಿತ್ತುಬರುತ್ತವೆ. ಅಳೆಯಲು ಗಾಳಿ ಬಿಡುವ ಮೊದಲು ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬೇಡಿ. ಶಾಕ್ ಓರೆಯಾಗಿ ಕೂತಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ: ನೆಟ್ಟಗಿನಿಂದ 30 ಡಿಗ್ರಿ ವಾಲಿದರೆ ಕೆಲಸ ಮುಕ್ಕಾಲಿಗೆ, 45 ಡಿಗ್ರಿ ವಾಲಿದರೆ ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ, ಲೀಫ್ ಸ್ಪ್ರಿಂಗ್ ಉಳಿಸಿಕೊಂಡು ಜೊತೆಗೆ ಏರ್ ಬ್ಯಾಗ್ (ಅಂದರೆ ಗಾಳಿಯ ಬೆಲ್ಲೋ) ಹಾಕಿದ ಗಾಡಿಗಳು. ಅವುಗಳಿಗೆ ಎರಡು ಪಟ್ಟಿನ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಒಟ್ಟು ಬಿಗಿತದಲ್ಲಿ ಒಂದು ಪಾಲು ಉಕ್ಕಿನದು, ಅದು ಬದಲಾಗುವುದಿಲ್ಲ. ಪ್ಲೇಟುಗಳ ಉಜ್ಜಾಟವೂ ಉಳಿದಿರುತ್ತದೆ. ಮೇಲಿನ ಲೆಕ್ಕದ ಹಾಗೆ ತೂಕ ಎರಡರಷ್ಟಾಗುವುದಾದರೆ, ಬೇಕಾದ ಅಂತರ 1.4 ಮತ್ತು 2 ಪಟ್ಟಿನ ನಡುವೆ ಎಲ್ಲೋ ಬೀಳುತ್ತದೆ. ಇಂಥ ಗಾಡಿಗೆ ಹೊರಗೆ ನಾಬ್ ಇರುವ ಶಾಕ್ ತಂದು, ದಿನದ ಹೆಚ್ಚು ಹೊತ್ತು ಇರುವ ತೂಕಕ್ಕೆ ಹೊಂದಿಸಿದರೆ ಸಾಕು.