‘ಆಯಿಲ್ ಲೈಟ್’ನಿಂದ ಬಿದ್ದುಹೋದ ಪದ: ಒತ್ತಡ

ಬೈಕಿನ ಮೀಟರಿನಲ್ಲಿ ಕೆಂಪಗೆ ಹೊತ್ತಿಕೊಳ್ಳುವ, ಉದ್ದ ಮೂತಿಯಿಂದ ಹನಿಯೊಂದು ತೊಟ್ಟಿಕ್ಕುವ ಗಿಂಡಿಯ ಚಿತ್ರವನ್ನು ಗ್ಯಾರೇಜೊಂದರ ಗೋಡೆಯ ಫಲಕವು ‘ಆಯಿಲ್ ಮಟ್ಟದ ಸೂಚಕ’ ಎಂದು ವಿವರಿಸಿದ್ದನ್ನು ಕಳೆದ ವಾರ ನೋಡಿದೆ. ಅದಾದ ಎರಡೇ ದಿನಕ್ಕೆ ಪರಿಚಯದ ಹುಡುಗನೊಬ್ಬ ಉಜಿರೆಯಿಂದ ಫೋನ್ ಮಾಡಿದ. ‘ಅಂಕಲ್, ಆಯಿಲ್ ಲೈಟ್ ಬಂತು, ಅರ್ಧ ಲೀಟರ್ ಹಾಕಿಸಿದೆ, ಆದ್ರೂ ಆರ್ತಿಲ್ಲ. ಹಾಗೇ ಚಾರ್ಮಾಡಿ ಹತ್ತಿಬಿಡ್ಲಾ?’ ಫಲಕದ ತಪ್ಪಿಗೂ ಹುಡುಗನ ತಪ್ಪಿಗೂ ಮೂಲ ಒಂದೇ. ‘ಆಯಿಲ್ ಪ್ರೆಷರ್ ಲೈಟ್’ ಎಂಬ ಹೆಸರಿನ ನಡುವಿನ ಪದ ನಮ್ಮ ಬಾಯಲ್ಲಿ ಸವೆದು ‘ಆಯಿಲ್ ಲೈಟ್’ ಮಾತ್ರ ಉಳಿದಿದೆ. ದೀಪದ ಅರ್ಥವೆಲ್ಲ ಇರುವುದು ಬಿದ್ದುಹೋದ ಆ ಪದದಲ್ಲೇ.

ಒತ್ತಡವು ‘ಒತ್ತು’ ಎಂಬ ಕನ್ನಡ ಧಾತುವಿನಿಂದ ಬಂದ ಪದ. ಒತ್ತಾಯ, ಒತ್ತಕ್ಷರ, ಕೆರೆಯಂಗಳದ ಒತ್ತುವರಿ ಎಲ್ಲವೂ ಅದೇ ಕುಲದವು, ಮತ್ತು ಎಲ್ಲದರಲ್ಲೂ ಒತ್ತುವುದೊಂದು, ಎದುರಿಗೆ ಸುಲಭಕ್ಕೆ ಜಾಗ ಬಿಡದಿರುವುದು ಇನ್ನೊಂದು ಇದ್ದೇ ಇರುತ್ತದೆ. ‘ಮಟ್ಟ’ಕ್ಕೆ ಇಂಥ ಎದುರಾಳಿ ಬೇಕಿಲ್ಲ; ಗಾರೆಯವರ ರಸಮಟ್ಟದಲ್ಲಿನ ಗುಳ್ಳೆಯಂತೆ ಅದು ಎಲ್ಲಿ ನಿಂತಿದೆ ಎಂಬುದಷ್ಟೇ ಲೆಕ್ಕ. ರಕ್ತದೊತ್ತಡದ ವಿಷಯದಲ್ಲಿ ನಮಗೆ ಈ ಗೊಂದಲ ಇಲ್ಲ ಎಂಬುದೇ ಸೋಜಿಗ: ಬಿಪಿ ಇಳಿದಿದೆ ಎಂದ ಕೂಡಲೇ ‘ಒಂದು ಬಾಟಲಿ ರಕ್ತ ಏರಿಸಿ’ ಎಂದು ಯಾರೂ ಹೇಳುವುದಿಲ್ಲ. ಬೈಕಿನ ಮುಂದೆ ನಿಂತಾಗ ಮಾತ್ರ ಆ ವಿವೇಕ ಎಲ್ಲಿಗೆ ಹೋಗುತ್ತದೋ ತಿಳಿಯದು.

ಧಾತುವಿನ ಅರ್ಥವನ್ನು ಕಣ್ಣಾರೆ ನೋಡಬೇಕಾದರೆ ಒತ್ತು ಶಾವಿಗೆ ಮಾಡುವಾಗ ಅಡುಗೆಮನೆಯಲ್ಲಿ ನಿಲ್ಲಬೇಕು. ಒರಳಿನ ತುಂಬ ಹಿಟ್ಟಿನ ಉಂಡೆ ಇಟ್ಟ ಮಾತ್ರಕ್ಕೆ ಒತ್ತಡ ಹುಟ್ಟುವುದಿಲ್ಲ. ಹಿಡಿ ತಿರುಗಿಸಿದಾಗ ಹಿಟ್ಟು ಕೆಳಗೆ ಸರಿಯುತ್ತದೆ, ಬಿಲ್ಲೆಯ ಸಣ್ಣ ತೂತುಗಳು ಅದನ್ನು ತಡೆಯುತ್ತವೆ, ಆ ತಡೆಯಿಂದ ಕೈಗೆ ಬಿಗಿ ಸಿಗುತ್ತದೆ. ತೂತುಗಳು ಸವೆದು ಅಗಲವಾದ ಬಿಲ್ಲೆ ಹಾಕಿದರೆ ಅಥವಾ ಹಿಟ್ಟೇ ನೀರುನೀರಾದರೆ ಒರಳು ತುಂಬಿದ್ದರೂ ಕೈಗೆ ಏನೂ ತಾಗುವುದಿಲ್ಲ. ಎಂಜಿನ್ನಿನಲ್ಲಿ ನಡೆಯುವುದೂ ಇದೇ. ಆಯಿಲ್ ಪಂಪು ಹುಟ್ಟಿಸುವುದು ಹರಿವನ್ನು. ಕ್ರಾಂಕ್‌ಶಾಫ್ಟಿಗೂ ಅದು ಕೂತು ತಿರುಗುವ ಬೇರಿಂಗಿಗೂ ನಡುವಿನ ಕೂದಲೆಳೆಯಷ್ಟೂ ಇಲ್ಲದ ಸಂದು ಆ ಹರಿವನ್ನು ತಡೆದಾಗ ಹುಟ್ಟುವುದು ಒತ್ತಡ. ಬೇರಿಂಗ್ ಸವೆದರೆ ಬಿಲ್ಲೆಯ ತೂತು ಅಗಲವಾದಂತೆ. ಹೇಳಿದ್ದಕ್ಕಿಂತ ತೆಳುವಾದ ಗ್ರೇಡಿನ ಆಯಿಲ್ ತುಂಬಿಸಿದರೆ ಹಿಟ್ಟು ನೀರಾದಂತೆ. ಆಯಿಲ್ ನಿಜವಾಗಿಯೂ ಕಡಿಮೆಯಾಗಿ ಪಂಪು ಗಾಳಿ ಎಳೆದುಕೊಳ್ಳುವುದು ಹಲವು ಕಾರಣಗಳಲ್ಲಿ ಒಂದು, ಅಷ್ಟೇ. ಅದೇ ಮೊದಲು ನೋಡಬೇಕಾದ ಕಾರಣ ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಪೂರ್ತಿ ತಪ್ಪು ಸವಾರರದೂ ಅಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಸುಡುತ್ತಿದ್ದುದರಿಂದ ಈ ದೀಪದ ಪ್ರಶ್ನೆಯೇ ಇರಲಿಲ್ಲ. ಆಮೇಲೆ 2ಟಿ ಆಯಿಲಿಗೆ ಬೇರೆಯೇ ಟ್ಯಾಂಕು ಇದ್ದ ಎರಡು ಸ್ಟ್ರೋಕಿನ ಗಾಡಿಗಳು ಬಂದವು. ಅಂಥ ಕೆಲವದರಲ್ಲಿ ಟ್ಯಾಂಕು ಬರಿದಾಗುತ್ತ ಬಂದಾಗ ಹೊತ್ತುತ್ತಿದ್ದುದು ನಿಜವಾಗಿಯೂ ಮಟ್ಟದ ದೀಪವೇ. ಆ ತಲೆಮಾರಿನವರು ಹೇಳಿಕೊಟ್ಟ ಪಾಠವನ್ನು ನಾಲ್ಕು ಸ್ಟ್ರೋಕಿನ ಇಂದಿನ ಬೈಕಿಗೂ ಅನ್ವಯಿಸುತ್ತಿದ್ದೇವೆ. ವಾಹನಗಳ ಸಂಕೇತಗಳಲ್ಲಿ ಎಂಜಿನ್ ಆಯಿಲಿನ ಮಟ್ಟಕ್ಕೆ ಬೇರೆಯೇ ಚಿತ್ರವಿದೆ, ಗಿಂಡಿಯ ಕೆಳಗೆ ಅಲೆಯಂಥ ಗೆರೆ ಇರುತ್ತದೆ. ಗೆರೆಯಿಲ್ಲದ ಕೆಂಪು ಗಿಂಡಿ ಒತ್ತಡದ್ದು.

ಈ ದೀಪ ಅಳತೆ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದರ ಹಿಂದಿರುವುದು ಒಂದು ತೆಳು ಪೊರೆ ಮತ್ತು ಸ್ಪ್ರಿಂಗ್ ಇರುವ ಸ್ವಿಚ್ಚು. ಒತ್ತಡವಿಲ್ಲದಾಗ ಅದು ದೀಪದ ವೈರನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸಿ ಅರ್ಥ್ (ಅರ್ತಿಂಗ್) ಮಾಡಿರುತ್ತದೆ, ಆದ್ದರಿಂದಲೇ ಕೀ ತಿರುಗಿಸಿದಾಗ ದೀಪ ಹೊತ್ತುತ್ತದೆ. ಎಂಜಿನ್ ಶುರುವಾಗಿ ಒತ್ತಡ ಏರಿದಾಗ ಸಂಪರ್ಕ ಕಡಿದು ಆರುತ್ತದೆ. ಕೀ ತಿರುಗಿಸಿದಾಗ ಹೊತ್ತದ ದೀಪ ಆರೋಗ್ಯದ ಗುರುತಲ್ಲ, ಬಲ್ಬೋ ವೈರೋ ಸ್ವಿಚ್ಚೋ ಹೋಗಿದೆ ಎಂದರ್ಥ. ಸ್ವಿಚ್ಚು ತೆರೆದುಕೊಳ್ಳಲು ಸಾಮಾನ್ಯವಾಗಿ ಅರ್ಧ ಬಾರ್ ಒಳಗಿನ ಒತ್ತಡ ಸಾಕು. ಬಂಕಿನಲ್ಲಿ ಟೈರಿಗೆ ಹಿಡಿಸುವ ಗಾಳಿಯ ಲೆಕ್ಕದಲ್ಲಿ ಅದು ಏಳು ಪಿಎಸ್‌ಐ ಆಸುಪಾಸು. ವೇಗದಲ್ಲಿ ಓಡುವ ಎಂಜಿನ್ನಿಗೆ ಬೇಕಾದದ್ದು ಅದರ ಎಷ್ಟೋ ಪಟ್ಟು. ಹೀಗಾಗಿ ಓಡುವಾಗ ದೀಪ ಹೊತ್ತಿತು ಎಂದರೆ ಬೇರಿಂಗುಗಳ ನಡುವೆ ಇರಬೇಕಾದ ಆಯಿಲಿನ ಪದರವೇ ಉಳಿದಿಲ್ಲದಿರಬಹುದು. ಮುಂದಿನ ಬಂಕಿನವರೆಗೆ, ಮುಂದಿನ ಊರಿನವರೆಗೆ ಎನ್ನದೆ ಎಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿ ಬದಿಗೆ ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಕೆಲವು ನಿಮಿಷ ಬಿಟ್ಟು, ಸೈಡ್ ಸ್ಟ್ಯಾಂಡಿನ ಮೇಲಲ್ಲ, ಬೈಕನ್ನು ನೆಟ್ಟಗೆ ಹಿಡಿದು ಮಟ್ಟ ನೋಡಬೇಕು. ಕಡಿಮೆಯಿದ್ದರೆ ಗುರುತಿನವರೆಗೆ ತುಂಬಿಸಿ ಶುರು ಮಾಡಬಹುದು. ಕೆಲವು ಸೆಕೆಂಡಿನಲ್ಲಿ ದೀಪ ಆರದಿದ್ದರೆ ಮತ್ತೆ ಆಫ್ ಮಾಡಬೇಕು. ಮಟ್ಟ ಸರಿಯಿದ್ದರೆ ಗ್ಯಾರೇಜುಗಳಲ್ಲಿ ಕೇಳುವ ಮೊದಲ ಮಾತು ‘ಸೆನ್ಸರ್ ಹೋಗಿದೆ, ತಲೆ ಕೆಡಿಸ್ಕೋಬೇಡಿ’. ಅವರು ಸೆನ್ಸರ್ ಎನ್ನುವುದು ಈ ಸ್ವಿಚ್ಚನ್ನೇ. ಅದು ಹೋಗಿರಲೂಬಹುದು, ಆದರೆ ಅದನ್ನು ಊಹಿಸುವ ಅಗತ್ಯವಿಲ್ಲ. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇಟ್ಟು ಸ್ವಿಚ್ಚಿನ ಒಂಟಿ ವೈರನ್ನು ಕಳಚಿದಾಗಲೂ ದೀಪ ಉರಿಯುತ್ತಿದ್ದರೆ ವೈರು ಎಲ್ಲೋ ಸುಲಿದು ಚಾಸಿಗೆ ತಾಗುತ್ತಿದೆ. ಆರಿದರೆ ಉಳಿಯುವುದು ಎರಡೇ, ಸ್ವಿಚ್ಚಿನ ದೋಷ ಅಥವಾ ನಿಜವಾದ ಒತ್ತಡದ ಕೊರತೆ. ಸ್ವಿಚ್ಚನ್ನು ಬಿಚ್ಚಿ ಆ ತೂತಿಗೇ ಒತ್ತಡ ಅಳೆಯುವ ಗೇಜ್ ಕೂರಿಸಿದರೆ ಅದೂ ಇತ್ಯರ್ಥವಾಗುತ್ತದೆ. ನಿಜವಾದ ಕೊರತೆಯಾಗಿದ್ದರೆ ಹಿಂದಿನ ಸರ್ವಿಸ್‌ನಲ್ಲಿ ತಿರುಗುಮುರುಗಾಗಿ ಕೂತ ಫಿಲ್ಟರನ್ನೋ, ಗ್ಯಾಸ್ಕೆಟ್ಟಿಗೆ ಧಾರಾಳವಾಗಿ ಬಳಿದ ಅಂಟಿನ ಚೂರುಗಳು ಕಟ್ಟಿಕೊಂಡ ಜರಡಿಯನ್ನೋ ಮೊದಲು ಸಂಶಯಿಸುವವನು ನಾನು. ತಿರುವಿನಲ್ಲಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿದು ದೀಪ ಮಿನುಗುತ್ತದೆ ಎಂಬ ಸಮಾಧಾನವನ್ನೂ ನಾನು ಒಪ್ಪುವುದಿಲ್ಲ: ಬೈಕು ವಾಲಿಯೇ ತಿರುಗುವುದರಿಂದ ಆಯಿಲ್ ಬಹುಮಟ್ಟಿಗೆ ತಳದಲ್ಲೇ ನಿಲ್ಲುತ್ತದೆ. ಮಿನುಗುವುದು ಜೋರಾಗಿ ಬ್ರೇಕ್ ಹಿಡಿದಾಗ, ಕಡಿದಾದ ಏರಿನಲ್ಲಿ, ಅದೂ ಮಟ್ಟ ಮೊದಲೇ ಇಳಿದಿದ್ದಾಗ.

ಉಜಿರೆಯ ಹುಡುಗನಿಗೆ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಲು ಹೇಳಿದೆ. ಮೇಲಿನ ಗೆರೆಯನ್ನು ದಾಟಿ ಎಷ್ಟೋ ಮೇಲಕ್ಕೆ ಒದ್ದೆಯಾಗಿತ್ತು. ‘ಹಾಕಿಸುವ ಮೊದಲು ಎಷ್ಟಿತ್ತು?’ ಎಂದರೆ ನೋಡಿಯೇ ಇರಲಿಲ್ಲ. ಮೂಗಿಗೆ ಹಿಡಿ ಎಂದೆ. ‘ಪೆಟ್ರೋಲ್ ವಾಸನೆ ಬರ್ತಿದೆ ಅಂಕಲ್’ ಎಂದ. ಅವನದು ಹಳೆಯ ಕಾರ್ಬುರೇಟರಿನ ಬೈಕು. ರಾತ್ರಿಯೆಲ್ಲ ಪೆಟ್ರೋಲ್ ಕಾಕ್ ತೆರೆದೇ ನಿಂತಿತ್ತು, ಕಾರ್ಬುರೇಟರಿಗೆ ಪೆಟ್ರೋಲು ಇಳಿಯದಂತೆ ತಡೆಯುವ ಫ್ಲೋಟ್ ಸೂಜಿ ಬಿಗಿಯಾಗಿ ಕೂರದೆ ಪೆಟ್ರೋಲು ಸಿಲಿಂಡರಿಗೂ ಅಲ್ಲಿಂದ ಆಯಿಲ್ ನಿಲ್ಲುವ ಕ್ರಾಂಕ್‌ಕೇಸಿಗೂ ಇಳಿದು ಆಯಿಲನ್ನು ನೀರಾಗಿಸಿತ್ತು. ಮಟ್ಟ ಏರಿತ್ತು, ಒತ್ತಡ ಇಳಿದಿತ್ತು, ಅದರ ಮೇಲೆ ಇವನು ಅರ್ಧ ಲೀಟರ್ ಸುರಿಸಿದ್ದ.