ಅಂಗಿ ಬಣ್ಣದಲ್ಲಿ ಮರೆಯಾದ ಚೆಂಡು

1908ರಲ್ಲಿ ಕಾರ್ಲೈಲ್ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡ ಹಾರ್ವರ್ಡ್ ವಿರುದ್ಧ ಆಡಲು ಹೊರಟಿತ್ತು. ಕಾರ್ಲೈಲ್ ಅಂದರೆ ಪೆನ್ಸಿಲ್ವೇನಿಯಾದಲ್ಲಿ ಅಮೆರಿಕದ ಮೂಲನಿವಾಸಿ ಮಕ್ಕಳಿಗೆಂದು ಇದ್ದ ವಸತಿ ಶಾಲೆ. ಅದರ ಕೋಚ್ ಪಾಪ್ ವಾರ್ನರ್ ಮಹಾ ಕಿಲಾಡಿ. ಆಟಗಾರರ ಅಂಗಿಯ ಎದೆ ಮೇಲೆ ಚೆಂಡಿನದೇ ಆಕಾರದ ತೇಪೆ ಹೊಲಿಸಿಬಿಟ್ಟಿದ್ದರು. ದೂರದಿಂದ ನೋಡಿದರೆ ಎಲ್ಲರೂ ಚೆಂಡು ಅವುಚಿಕೊಂಡು ಓಡುತ್ತಿರುವ ಹಾಗೆ! ಇದು ತಪ್ಪು ಅಂತ ನಿಯಮದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಹಾರ್ವರ್ಡ್ ಕೋಚ್ ಪರ್ಸಿ ಹಾಟನ್ ಜಗಳಕ್ಕೆ ನಿಲ್ಲಲಿಲ್ಲ. ಪಂದ್ಯದ ದಿನ ಸುಮ್ನೆ ಚೆಂಡು ತಂದಿಟ್ಟರು. ಹಾರ್ವರ್ಡ್ ಅಂಗಿಯ ಬಣ್ಣವನ್ನೇ ಬಳಿದ ಕಡುಗೆಂಪು ಚೆಂಡು. ಚೆಂಡಿಗೆ ಬಣ್ಣ ಹಚ್ಚಬಾರದು ಅಂತಲೂ ಪುಸ್ತಕದಲ್ಲಿ ಇರಲಿಲ್ಲವಲ್ಲ. ಕೊನೆಗೆ ತೇಪೆಯೂ ಹೋಯಿತು, ಕೆಂಪು ಚೆಂಡೂ ಹೋಯಿತು. ಹಾರ್ವರ್ಡ್ 17–0ರಿಂದ ಗೆದ್ದಿತು. ನೂರು ವರ್ಷದಿಂದ ಬಾಯಿಂದ ಬಾಯಿಗೆ ಬಂದ ಕತೆ, ಒಂದಿಷ್ಟು ಉಪ್ಪುಖಾರ ಸೇರಿರಬಹುದು. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಪಕ್ಕಾ.

ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಸುಮಾರು 28 ಸೆಂ.ಮೀ. ಉದ್ದದ, ಎರಡೂ ತುದಿ ಚೂಪಾದ ಕಂದು ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಡುವ ಆಟ. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಆಟಗಾರ) ಪಕ್ಕದವನಿಗೆ ಚೆಂಡು ಕೊಟ್ಟ ಹಾಗೆ ಮಾಡಿ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಎದುರಾಳಿಯ ಕಣ್ಣು ಅರೆಕ್ಷಣ ಮೋಸ ಹೋದರೆ ಸಾಕು.

ಕಣ್ಣು ಒಂದು ವಸ್ತುವನ್ನು ಗುರುತಿಸಲು ಮೊದಲು ಅದರ ಅಂಚನ್ನು ಹುಡುಕುತ್ತದೆ. ಒಂದು ಕಡೆ ಹೊಳಪು ಜಾಸ್ತಿ, ಪಕ್ಕದಲ್ಲೇ ಕಡಿಮೆ ಇದ್ದರೆ ಅಂಚು ಎದ್ದು ಕಾಣುತ್ತದೆ. ಅಂಗಿಯೂ ಚೆಂಡೂ ಹೆಚ್ಚುಕಡಿಮೆ ಒಂದೇ ಛಾಯೆಯಾದರೆ ಅಂಚು ಕರಗುತ್ತದೆ. ತೊಗಟೆಗೆ ಅಂಟಿ ಕೂತ ಓತಿಕ್ಯಾತ ಎದುರಿಗಿದ್ದರೂ ಕಾಣುವುದಿಲ್ಲ, ಅಲ್ವಾ? ಹಾಗೇ ಇದು.

ಟೆಕ್ಸಸ್ ವಿಶ್ವವಿದ್ಯಾಲಯದ ಕತೆ ಇನ್ನೂ ಮಜಾ. ಅವರ ಬಣ್ಣ ಕಿತ್ತಳೆ. 1920ರ ದಶಕದಲ್ಲಿ ಸೀಸನ್ ಶುರುವಿನಲ್ಲಿ ಕಿತ್ತಳೆಯಾಗಿದ್ದ ಅಂಗಿ, ಒಗೆದು ಒಗೆದು ಕೊನೆಯ ಹೊತ್ತಿಗೆ ಹಳದಿ. ಎದುರಾಳಿಗಳು ‘ಹಳದಿ ಹೊಟ್ಟೆಯವರು’ ಅಂತ ಕಿಚಾಯಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅದು ಹೇಡಿಗೆ ಬೈಯುವ ಮಾತು.

ಬಣ್ಣದ ಅಣು ನೂಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳದಿದ್ದರೆ ನೀರು, ಸೋಪು ಅದನ್ನು ಎಳೆದುಕೊಂಡು ಹೋಗುತ್ತವೆ. ಉಳಿದದ್ದನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಅಣು ಒಡೆದರೆ ಅದು ಬೆಳಕು ಹೀರುವ ರೀತಿಯೇ ಬದಲಾಗುತ್ತದೆ. (ಬಣ್ಣ ಬಿಡಲ್ಲ ಅಂತ ಅಂಗಡಿಯವನು ಆಣೆ ಇಟ್ಟು ಕೊಟ್ಟ ನನ್ನ ಮೆರೂನ್ ಜುಬ್ಬಾ ಒಂದೇ ಒಗೆತಕ್ಕೆ ಬಕೆಟ್ಟಿನ ಬನಿಯನ್ನುಗಳನ್ನೆಲ್ಲ ಗುಲಾಬಿ ಮಾಡಿತ್ತು.)

1928ರಲ್ಲಿ ಟೆಕ್ಸಸ್ ಕೋಚ್ ಕ್ಲೈಡ್ ಲಿಟಲ್‌ಫೀಲ್ಡ್ ಷಿಕಾಗೋದ ಮಿಲ್ಲೊಂದಕ್ಕೆ ಹೇಳಿ ಗಾಢ ಕಿತ್ತಳೆ ಬಣ್ಣ ಹಾಕಿಸಿದರು. ಅದೇ ‘ಸುಟ್ಟ ಕಿತ್ತಳೆ’. ನಡುವೆ ಕೆಲವು ವರ್ಷ ಅದು ಬಿಟ್ಟುಹೋಗಿತ್ತು. 1960ರ ದಶಕದಲ್ಲಿ ಕೋಚ್ ಡ್ಯಾರೆಲ್ ರಾಯಲ್ ವಾಪಸ್ ತಂದರು. ಆಗ ಎದುರಾಳಿಗಳದು ಬೇರೆ ತಕರಾರು: ಇದು ಚೆಂಡಿನದೇ ಬಣ್ಣ, ಚೆಂಡು ಬಚ್ಚಿಡಲೆಂದೇ ತಂದಿದ್ದಾರೆ! ಮಾಸಿದರೆ ಗೇಲಿ, ಗಾಢವಾದರೆ ದೂರು.

ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಫ್ರಿಟ್ಜ್ ಕ್ರೈಸ್ಲರ್ 1938ರಲ್ಲಿ ಇದರ ತದ್ವಿರುದ್ಧ ಮಾಡಿದರು. ಹೆಲ್ಮೆಟ್ಟಿಗೆ ಹಳದಿ ರೆಕ್ಕೆ ಬರೆಸಿದರು. ಚೆಂಡು ಎಸೆಯುವವನಿಗೆ ದೂರದಲ್ಲಿ ಓಡುವ ತನ್ನವನು ಥಟ್ಟನೆ ಕಾಣಲಿ ಅಂತ. ಆ ರೆಕ್ಕೆ ಇವತ್ತಿಗೂ ಇದೆ.

ಆಟಗಾರನ ಕಣ್ಣಿನ ಜೊತೆ ಆಮೇಲೆ ನೋಡುಗನ ಕಣ್ಣೂ ಸೇರಿತು. ಕಪ್ಪುಬಿಳುಪು ಟಿವಿಯಲ್ಲಿ ಕಡುಗೆಂಪೂ ಬೂದು, ಕಡುಹಸಿರೂ ಬೂದು. ಒಂದು ತಂಡ ಬಿಳಿ ತೊಟ್ಟರೆ ತಾಪತ್ರಯವಿಲ್ಲ. ಕಲರ್ ಟಿವಿ ಬಂದ ಮೇಲೆ ಮುಗಿಯಿತು ಅಂದುಕೊಂಡರೆ ತಪ್ಪು. 2015ರಲ್ಲಿ ವೃತ್ತಿಪರ ಲೀಗಿನ ಒಂದು ಪಂದ್ಯದಲ್ಲಿ ಬಫಲೋ ತಂಡ ತಲೆಯಿಂದ ಕಾಲಿನವರೆಗೆ ಕೆಂಪು, ನ್ಯೂಯಾರ್ಕ್ ಜೆಟ್ಸ್ ಪೂರ್ತಿ ಹಸಿರು. ಯಾರು ಯಾವ ಕಡೆ ಅಂತಲೇ ತಿಳಿಯುತ್ತಿಲ್ಲ ಎಂದು ಬಣ್ಣಗುರುಡು ಇರುವವರು ಗೋಳಾಡಿದರು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಕೆಂಪು, ಹಸಿರು ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ. ಅವರ ಕಣ್ಣಿಗೆ ಹೊಳಪಿನ ವ್ಯತ್ಯಾಸವೇ ಆಸರೆ.

ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯ 1986ರಲ್ಲಿ ಮೈದಾನಕ್ಕೇ ನೀಲಿ ಹಾಸು ಹಾಸಿತು. ಆಟಗಾರರೂ ಪೂರ್ತಿ ನೀಲಿ. 2011ರಲ್ಲಿ ಅವರು ಸೇರಿದ ಒಕ್ಕೂಟ, ತನ್ನ ಪಂದ್ಯಗಳಲ್ಲಿ ಆ ನೆಲದ ಮೇಲೆ ಪೂರ್ತಿ ನೀಲಿ ತೊಡಬೇಡಿ ಎಂದಿತು. ನೀಲಿ ನೆಲದಲ್ಲಿ ನೀಲಿ ಅಂಗಿ ಕಾಣುವುದಿಲ್ಲ ಅನ್ನುವುದು ನನಗೆ ನೆಪ ಅನ್ನಿಸುತ್ತದೆ. ಎದುರಾಳಿ ನೋಡುವುದು ಮುಖಾಮುಖಿ, ಅವನಿಗೆ ಹಿನ್ನೆಲೆಯಲ್ಲಿ ಗ್ಯಾಲರಿ, ಜನ ಎಲ್ಲ ಇರುತ್ತವೆ. ಮೇಲಿಂದ ನೋಡುವ ಕ್ಯಾಮೆರಾಕ್ಕೇ ಕಷ್ಟ ಜಾಸ್ತಿ. ಕೆಲವು ವರ್ಷದಲ್ಲಿ ಆ ನಿಷೇಧವೂ ಹೋಯಿತು.

ಕಾಲೇಜು ಆಟದಲ್ಲಿ ಅತಿಥಿ ತಂಡ ಬಿಳಿ ತೊಡಬೇಕಿತ್ತು. ಆದರೆ ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳು ಒಂದೇ ಮೈದಾನ ಹಂಚಿಕೊಂಡಿದ್ದ ಕಾಲದಲ್ಲಿ ಇಬ್ಬರೂ ಬಣ್ಣದಲ್ಲೇ ಆಡುತ್ತಿದ್ದರು, ಒಬ್ಬರು ಕಡುಗೆಂಪು, ಇನ್ನೊಬ್ಬರು ತಿಳಿನೀಲಿ. 1982ರಲ್ಲಿ ಯುಸಿಎಲ್‌ಎ ಬೇರೆ ಮೈದಾನಕ್ಕೆ ಹೋಯಿತು, ಸಂಪ್ರದಾಯ ನಿಂತಿತು. 2008ರಲ್ಲಿ ಯುಎಸ್‌ಸಿ ಕೋಚ್ ಪೀಟ್ ಕ್ಯಾರಲ್ ಬೇಕೆಂದೇ ತಂಡಕ್ಕೆ ಕೆಂಪಂಗಿ ತೊಡಿಸಿ ಎದುರಾಳಿಯ ಮೈದಾನಕ್ಕೆ ಕರೆತಂದರು. ಆಟ ಶುರುವಾಗುವಾಗಲೇ ಒಂದು ಟೈಮ್‌ಔಟ್ (ಆಟ ನಿಲ್ಲಿಸಲು ತಂಡಕ್ಕೆ ಸಿಗುವ ಬಿಡುವು) ದಂಡ ಬಿತ್ತು. ಯುಸಿಎಲ್‌ಎ ಕೋಚ್ ರಿಕ್ ನ್ಯೂಹೈಸೆಲ್ ತಕ್ಷಣ ತಾವೂ ಒಂದು ಟೈಮ್‌ಔಟ್ ಕೇಳಿ ಕಳೆದುಕೊಂಡರು, ಲೆಕ್ಕ ಸಮ ಆಗಲಿ ಅಂತ. ಮುಂದಿನ ವರ್ಷ ನಿಯಮವೇ ಬದಲಾಯಿತು: ಬಣ್ಣಗಳು ಬೇರೆಬೇರೆ ಕಾಣುವಂತಿದ್ದು, ಆತಿಥೇಯರು ಮೊದಲೇ ಒಪ್ಪಿದ್ದರೆ, ಬಿಳಿ ಬೇಕಿಲ್ಲ.