ಬ್ರೇಕ್‌ಪಾಯಿಂಟ್ ಇಟ್ಟರೆ ವಿಂಡೋ ಹ್ಯಾಂಗ್ ಆಗುತ್ತೆ, ರ‍್ಯಾಮ್ ಹಾಕಿಸಬೇಕಾ?

ಪ್ರಶ್ನೆ: ಸರ್, ಮಿನಿ ಪ್ರಾಜೆಕ್ಟ್‌ಗೆ ಪೈಥಾನ್ ಟಿಕಿಂಟರ್‌ನಲ್ಲಿ ಮೆಕ್ಕೆಜೋಳದ ತೂಕದ ಬಿಲ್ ಮಾಡೋ ಆ್ಯಪ್ ಬರೀತಿದೀನಿ. ವಿಎಸ್ ಕೋಡ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಬಟನ್ ಒತ್ತಿದ್ರೆ ವಿಂಡೋ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರ್ತೈತಿ. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್. ಇನ್ನೊಂದು 8 ಹಾಕಿಸಿದ್ರೆ ಸರಿ ಹೋಗ್ತೈತಾ? – ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಆ ದುಡ್ಡು ಜೇಬಿನಲ್ಲೇ ಇರಲಿ.

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಒಮ್ಮೆ ಮೆಕ್ಕೆಜೋಳದ ಬಿಲ್, ಇನ್ನೊಮ್ಮೆ ಚಿತ್ರದುರ್ಗದ ಕೋಟೆಯ ಟಿಕೆಟ್, ಮತ್ತೊಮ್ಮೆ ಹಾಸ್ಟೆಲ್ ಮೆಸ್ ಲೆಕ್ಕ. ಪ್ರಾಜೆಕ್ಟ್ ಬೇರೆ, ಸೀನಿಯರ್ ಹೇಳಿಕೊಟ್ಟ ಕಾರಣ ಮಾತ್ರ ಒಂದೇ: "ರ‍್ಯಾಮ್ ಸಾಲ್ತಿಲ್ಲ ಕಣೋ." ಹಾಗಾಗಿ ಈ ಸಲ ಇದನ್ನೇ ಪೂರ್ತಿ ಬಿಡಿಸಿ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ಟಿಕಿಂಟರ್ ಅಂದರೆ ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಲೈಬ್ರರಿ. ಅದರ ಆ್ಯಪ್‌ನ ಕೊನೆಯಲ್ಲಿ ಮೇನ್‌ಲೂಪ್ ಅಂತ ಒಂದು ಸಾಲು ಬರೆದಿರುತ್ತೀರಿ. ಯಾಕೆ ಅಂತ ಕೇಳಿದರೆ "ಹಾಕದಿದ್ರೆ ವಿಂಡೋ ಬರಲ್ಲ ಸರ್" ಅನ್ನುತ್ತೀರಿ. ಸರಿ, ಆದರೆ ಅದು ಮಾಡುವ ಕೆಲಸ ಅಷ್ಟೇ ಅಲ್ಲ. ಮೌಸ್ ಎಲ್ಲಿ ಒತ್ತಿದರು, ಯಾವ ಕೀ ಒತ್ತಿದರು, ವಿಂಡೋದ ಯಾವ ಭಾಗ ಮತ್ತೆ ಬಿಡಿಸಬೇಕು, ಹೀಗೆ ವಿಂಡೋಸ್ ಕಳಿಸುವ ಒಂದೊಂದೇ ಸುದ್ದಿಯನ್ನು ಎತ್ತಿಕೊಂಡು ಅದು ಕೆಲಸ ಮುಗಿಸುತ್ತಾ ಸುತ್ತುತ್ತಿರುತ್ತೆ. ನಿಮ್ಮ ಬಟನ್‌ನ ಫಂಕ್ಷನ್ ಓಡುವುದೂ ಅದೇ ಸುತ್ತಿನೊಳಗೆ, ಅದೇ ಥ್ರೆಡ್‌ನಲ್ಲಿ (ಥ್ರೆಡ್ ಅಂದರೆ ಸಾಲುಗಳು ಒಂದಾದ ಮೇಲೊಂದು ಓಡುವ ದಾರಿ). ಫಂಕ್ಷನ್ ಮುಗಿಯುವವರೆಗೆ ಮುಂದಿನ ಸುದ್ದಿ ಎತ್ತಿಕೊಳ್ಳುವವರು ಯಾರೂ ಇಲ್ಲ. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಡ್ರೈವರ್ ಕಂ ಕಂಡಕ್ಟರ್ ಇರ್ತಾರಲ್ಲ, ಅವರು ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಟ್ಟು ಮುಗಿಸುವ ತನಕ ಬಸ್ ಅಲ್ಲೇ ನಿಂತಿರುತ್ತೆ. ಅದನ್ನು ನೋಡಿ "ಡೀಸೆಲ್ ಖಾಲಿ ಆಗಿದೆ, ಟ್ಯಾಂಕ್ ದೊಡ್ಡದು ಮಾಡಿಸಿ" ಅಂತ ಯಾರಾದರೂ ಹೇಳ್ತಾರಾ?

ಬ್ರೇಕ್‌ಪಾಯಿಂಟ್ ಅಂದರೆ ‘ಈ ಸಾಲಿಗೆ ಬಂದಾಗ ನಿಲ್ಲು’ ಎಂಬ ಗುರುತು, ಅಂದರೆ ಆ ಥ್ರೆಡ್ಡನ್ನು ನೀವೇ ನಿಲ್ಲಿಸಿದಿರಿ ಅಂತ. ನಿಲ್ಲಿಸಿ ಅಂದಿರಿ, ನಿಂತಿದೆ. ಒಂದು ವಿಂಡೋ ಸುಮಾರು 5 ಸೆಕೆಂಡ್ ತನ್ನ ಸುದ್ದಿಗಳನ್ನು ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದನ್ನು ಹ್ಯಾಂಗ್ ಆಗಿದೆ ಎಂದು ಲೆಕ್ಕ ಹಾಕುತ್ತೆ. ಆಮೇಲೆ ಅದನ್ನು ಮರೆಮಾಡಿ, ಅದರ ಜಾಗದಲ್ಲಿ ಅದೇ ರೂಪದ ಒಂದು ನಕಲಿ ವಿಂಡೋ ಇಟ್ಟು, ಮೇಲ್ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಸೇರಿಸುತ್ತೆ. ನಿಮಗೆ ಬೆಳ್ಳಗೆ ಕಾಣುವುದು ಈ ನಕಲಿ. ಎಫ್5 ಒತ್ತಿ ಮುಂದಕ್ಕೆ ಬಿಟ್ಟರೆ ಅಸಲಿ ವಾಪಸ್ ಬರುತ್ತೆ. ವಿಷುವಲ್ ಸ್ಟುಡಿಯೋದಲ್ಲಿ ಸಿ++ ಡಿಬಗ್ ಮಾಡುವವರಿಗೆ ಈ ನಕಲಿ ಕಾಣಿಸುವುದಿಲ್ಲ. ಡಿಬಗರ್ (ಪ್ರೋಗ್ರಾಮನ್ನು ನಿಲ್ಲಿಸಿ ತಪ್ಪು ಹುಡುಕಲು ಬಳಸುವ ಸಾಧನ) ಅಂಟಿಕೊಂಡಿರುವುದು ವಿಂಡೋಸ್‌ಗೇ ಗೊತ್ತಿರುವುದರಿಂದ ಅದು ಸುಮ್ಮನಿರುತ್ತೆ. ಪೈಥಾನ್‌ನ ಡಿಬಗರ್ ಪೈಥಾನ್ ಒಳಗೇ ಕೆಲಸ ಮಾಡುವುದರಿಂದ ವಿಂಡೋಸ್‌ಗೆ ಅದರ ಸುಳಿವು ಸಿಗುವುದಿಲ್ಲ.

"ಇಲ್ಲ ಸರ್, ರ‍್ಯಾಮೇ ಕಾರಣ, ನಮ್ಮ ರೂಮಿನವನ 16 ಜಿಬಿ ಲ್ಯಾಪ್‌ಟಾಪಿನಲ್ಲಿ ಹಿಂಗಾಗಲ್ಲ" ಅಂತ ವಾದ ಮಾಡುವವರು ಇದ್ದೇ ಇದ್ದಾರೆ. ಅವನು ಬ್ರೇಕ್‌ಪಾಯಿಂಟ್ ಇಟ್ಟಿರಲ್ಲ, ಅಷ್ಟೇ. ಮಾತು ಬೇಡ, ಪರೀಕ್ಷೆ ಮಾಡೋಣ. ಒಂದು ಖಾಲಿ ಟಿಕಿಂಟರ್ ವಿಂಡೋ, ಅದರಲ್ಲಿ ಒಂದೇ ಬಟನ್, ಬಟನ್‌ನ ಫಂಕ್ಷನ್‌ನಲ್ಲಿ ಒಂದೇ ಸಾಲು: ಟೈಮ್.ಸ್ಲೀಪ್(20). ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಬಟನ್ ಒತ್ತಿ, ವಿಂಡೋ ಮೇಲೆ ನಾಲ್ಕಾರು ಸಲ ಕ್ಲಿಕ್ ಮಾಡಿ. ಬೆಳ್ಳಗಾಯಿತಾ? ಈಗ ಆ ಪ್ರೋಗ್ರಾಮ್‌ನ ಮೆಮೊರಿ ನೋಡಿ: ಒತ್ತುವ ಮೊದಲು ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ. ಸಿಪಿಯು ಸೊನ್ನೆಯ ಹತ್ತಿರ. ಪಾಪ, ಅದು ಮಲಗಿದೆ. ಇದನ್ನೇ 64 ಜಿಬಿ ಮಷಿನ್‌ನಲ್ಲಿ ಮಾಡಿದರೂ ಅದೇ 20 ಸೆಕೆಂಡ್ ಅದೇ ಬಿಳಿ ವಿಂಡೋ.

ರ‍್ಯಾಮ್ ನಿಜವಾಗಿ ಸಾಲದೇ ಹೋದಾಗ ಲಕ್ಷಣವೇ ಬೇರೆ. ಆಗ ನಿಮ್ಮ ಒಂದು ವಿಂಡೋ ಅಲ್ಲ, ಕ್ರೋಮ್, ವಿಎಸ್ ಕೋಡ್, ಸ್ಟಾರ್ಟ್ ಮೆನು ಎಲ್ಲವೂ ಎಳೆಯುತ್ತವೆ. ಡಿಸ್ಕ್ ಬಳಕೆ ಮೇಲೇರಿ ಅಲ್ಲೇ ಕೂರುತ್ತೆ. 4 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಜೊತೆಗೆ ಎಮ್ಯುಲೇಟರ್ ಓಡಿಸುತ್ತೀನಿ ಅನ್ನುವವರಿಗೆ ನಾನೇ ಹೇಳುತ್ತೇನೆ, ಹಾಕಿಸಿಕೊಳ್ಳಿ ಅಂತ. ಒಂದೇ ವಿಂಡೋ ನಿಂತು ಉಳಿದದ್ದೆಲ್ಲ ಚುರುಕಾಗಿದ್ದರೆ ಅಂಗಡಿಗೆ ಹೋಗಬೇಡಿ, ಕೋಡ್ ನೋಡಿ.

ಬ್ರೇಕ್‌ಪಾಯಿಂಟೇ ಇಲ್ಲದೆ ಹ್ಯಾಂಗ್ ಆದರೆ? ಅದು ನಿಜವಾದ ತೊಂದರೆ. ಆಗ ಗಾಬರಿಯಿಂದ ಕೆಂಪು ಚೌಕ ಒತ್ತಿ ಎಲ್ಲ ಮುಚ್ಚಬೇಡಿ. ಡಿಬಗ್ ಪಟ್ಟಿಯಲ್ಲಿ ಪಾಸ್ (ಸ್ವಲ್ಪ ಹೊತ್ತು ನಿಲ್ಲಿಸುವ) ಬಟನ್ ಇದೆ, ಅದನ್ನು ಒತ್ತಿ. ಎಡಗಡೆ ಕಾಲ್ ಸ್ಟ್ಯಾಕ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಪಟ್ಟಿ) ಮೇನ್ ಥ್ರೆಡ್ ಯಾವ ಸಾಲಿನಲ್ಲಿದೆ ಅಂತ ತೋರಿಸುತ್ತೆ. ಮುಗಿಯದ ವೈಲ್ ಲೂಪ್ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಸ್ಲೀಪ್ ಅಥವಾ ನೆಟ್‌ಗಾಗಿ ಕಾಯುತ್ತಿದ್ದರೆ ಪೈಥಾನ್‌ನಲ್ಲಿ ಆ ಕಾಯುವಿಕೆ ಮುಗಿದ ಮೇಲಷ್ಟೇ ಪಾಸ್ ಹಿಡಿಯುತ್ತೆ. ಪಾಸ್ ಒತ್ತಿಯೂ ನಿಲ್ಲುತ್ತಿಲ್ಲ ಅಂದರೆ ಅದೇ ಒಂದು ಸುಳಿವು.

ನಿಮ್ಮ ಬಿಲ್ ಆ್ಯಪ್ ನೆಟ್‌ನಿಂದ ಇವತ್ತಿನ ರೇಟ್ ತರುತ್ತಿದ್ದರೆ ಅಲ್ಲೇ ಮೊದಲು ಅನುಮಾನ ಪಡಿ. ನೆಟ್‌ನಿಂದ ಮಾಹಿತಿ ತರುವ ಪೈಥಾನ್‌ನ ರಿಕ್ವೆಸ್ಟ್ಸ್‌ಗೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ) ನೀವಾಗಿ ಕೊಡದಿದ್ದರೆ ತಾನಾಗಿ ಯಾವುದೂ ಇರುವುದಿಲ್ಲ. ಎಪಿಎಂಸಿ ಯಾರ್ಡ್‌ನಲ್ಲಿ ಸಿಗ್ನಲ್ ಹೋದರೆ ಆ್ಯಪ್ ಕಾಯುತ್ತಲೇ ಇರುತ್ತೆ. 10 ಸೆಕೆಂಡ್ ಟೈಮ್‌ಔಟ್ ಕೊಟ್ಟರೂ ಆ 10 ಸೆಕೆಂಡ್ ವಿಂಡೋ ಸತ್ತಂತೆಯೇ. ಅದಕ್ಕೆ ಆ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ. ಬಂದ ರೇಟನ್ನು ಅದು ಒಂದು ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಹಾಕಲಿ, ಮೇನ್ ಥ್ರೆಡ್ ಟಿಕಿಂಟರ್‌ನ ಆಫ್ಟರ್ ಎಂಬ ಫಂಕ್ಷನ್ ಬಳಸಿ ಆಗಾಗ ಕ್ಯೂ ನೋಡಿ ಲೇಬಲ್ ಬದಲಿಸಲಿ. ಬೇರೆ ಥ್ರೆಡ್‌ನಿಂದ ನೇರವಾಗಿ ಲೇಬಲ್ ಮುಟ್ಟಬೇಡಿ. ಜಾವಾ ಸ್ವಿಂಗ್‌ನವರಿಗೆ ಇದಕ್ಕೆಂದೇ ಸ್ವಿಂಗ್‌ವರ್ಕರ್ ಇದೆ, ಜಾವಾ 6ರಿಂದ.

ಬ್ರೇಕ್‌ಪಾಯಿಂಟ್ ಇಡಲೇಬಾರದ ಕೆಲವು ಜಾಗಗಳೂ ಇವೆ. ಫೋಕಸ್ ಇನ್ ಫಂಕ್ಷನ್‌ನಲ್ಲಿ, ಅಂದರೆ ವಿಂಡೋ ಮುಂದೆ ಬಂದಾಗ ಓಡುವ ಫಂಕ್ಷನ್‌ನಲ್ಲಿ, ಇಟ್ಟು ನೋಡಿ. ವಿಂಡೋ ಮೇಲೆ ಕ್ಲಿಕ್ ಮಾಡಿದ ತಕ್ಷಣ ವಿಎಸ್ ಕೋಡ್ ಮುಂದೆ ಬರುತ್ತೆ. ಮುಂದಕ್ಕೆ ಬಿಟ್ಟು ವಾಪಸ್ ಹೋದರೆ ಮತ್ತೆ ಫೋಕಸ್, ಮತ್ತೆ ವಿಎಸ್ ಕೋಡ್. ಸಂಜೆವರೆಗೂ ಇದೇ ಆಟ. ಅಲ್ಲಿ ಲಾಗ್‌ಪಾಯಿಂಟ್ ಬಳಸಿ: ಸಾಲಿನ ಅಂಚಿನಲ್ಲಿ ರೈಟ್ ಕ್ಲಿಕ್ ಮಾಡಿ ಸೇರಿಸಿದರೆ ಚುಕ್ಕಿಯ ಬದಲು ವಜ್ರದಾಕಾರ ಬರುತ್ತೆ. ಪ್ರೋಗ್ರಾಮ್ ನಿಲ್ಲುವುದಿಲ್ಲ, ನೀವು ಕೇಳಿದ ವೇರಿಯಬಲ್ ಮಾತ್ರ ಡಿಬಗ್ ಕನ್ಸೋಲ್‌ನಲ್ಲಿ ಬೀಳುತ್ತೆ.

ಲಿನಕ್ಸ್ ಲ್ಯಾಬ್‌ನವರಿಗೆ ಒಂದು ಮಾತು. ಪರದೆ, ಮೌಸ್ ನೋಡಿಕೊಳ್ಳುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಮೆನು ತೆರೆದಿರುವಾಗ ಬ್ರೇಕ್‌ಪಾಯಿಂಟ್ ಸಿಕ್ಕರೆ ಮೌಸ್ ಪೂರ್ತಿ ಆ ಮೆನುವಿನ ಕೈಯಲ್ಲಿರುತ್ತೆ, ಇಡೀ ಡೆಸ್ಕ್‌ಟಾಪ್ ನಿಂತಂತೆ ಕಾಣುತ್ತೆ. ಪವರ್ ಬಟನ್ ಒತ್ತಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬೇರೆ ಟರ್ಮಿನಲ್‌ಗೆ ಹೋಗಿ ಆ ಪ್ರೋಗ್ರಾಮ್ ಒಂದನ್ನೇ ಕೊಲ್ಲಿ.

ಯಾರೂ ಕೇಳಿಲ್ಲ, ಆದರೂ ಇದನ್ನು ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಮುಗಿದ ಮೇಲೆ ಪೈಇನ್‌ಸ್ಟಾಲರ್‌ನಲ್ಲಿ ಕಪ್ಪು ಕನ್ಸೋಲ್ ಬಾರದಂತೆ ಇಎಕ್ಸ್ಇ ಮಾಡಿ ಮಾವನ ಅಂಗಡಿಗೆ ಕೊಡುತ್ತೀರಿ. ಅಲ್ಲಿಂದ ಫೋನ್ ಬರುತ್ತೆ: "ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲಪ್ಪ." ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಯಾಕೆ? ಬಟನ್‌ನ ಫಂಕ್ಷನ್‌ನಲ್ಲಿ ಎರರ್ ಬಂದರೆ ಟಿಕಿಂಟರ್ ಆ್ಯಪ್ ಮುಚ್ಚುವುದಿಲ್ಲ, ಎರರನ್ನು ಕನ್ಸೋಲ್‌ಗೆ ಬರೆದು ಸುಮ್ನೆ ಮುಂದಕ್ಕೆ ಹೋಗುತ್ತೆ. ಕನ್ಸೋಲೇ ಇಲ್ಲದ ಇಎಕ್ಸ್ಇಯಲ್ಲಿ ಆ ಬರಹ ಹೋಗಲು ಜಾಗವೇ ಇಲ್ಲ. ನಿಮ್ಮ ಪ್ರಿಂಟ್‌ಗಳ ಗತಿಯೂ ಅಷ್ಟೇ. ರೂಟ್ ವಿಂಡೋದ ರಿಪೋರ್ಟ್ ಕಾಲ್‌ಬ್ಯಾಕ್ ಎಕ್ಸೆಪ್ಶನ್ ಎಂಬ ಫಂಕ್ಷನ್ ಜಾಗದಲ್ಲಿ ನಿಮ್ಮದೇ ಒಂದನ್ನು ಕೂರಿಸಿ. ಅದು ಎರರನ್ನು ಪೂರ್ತಿಯಾಗಿ, ತಾರೀಕು ಸಮೇತ, ಒಂದು ಲಾಗ್ ಫೈಲ್‌ಗೆ ಬರೆಯಲಿ. ಮುಂದಿನ ಸಲ ಮಾವ ಫೋನ್ ಮಾಡಿದಾಗ ಆ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ.